ಅತ್ತೆ ಹಾಕಿದ ಡೈವೋರ್ಸ್ ಕೇಸು

ನಮ್ಮ ಸೋದರತ್ತೆಯ ಹಾಗೆ ಗಂಡನನ್ನು ನೋಡಿಕೊಳ್ಳುವವಳು ಇಡೀ ಚಳ್ಳಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ನನಗೆ ತೋರಿಸಿ! ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿದ್ದ ಮಾವನಿಗೆ ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ ದಿಂಬಿಗೆ ಒರಗಿಸುತ್ತಿದ್ದಳು. ಒಂದು ದಿನ ಹಾಗೆ ಒರಗಿಸಿ, ಪಕ್ಕದ ಮನೆಯ ವಾರಗಿತ್ತಿಗೆ ನೋಡಿಕೊಳ್ಳಲು ಹೇಳಿ, ನಾಯಕನಹಟ್ಟಿಯಲ್ಲಿ ಬಸ್ಸು ಹತ್ತಿ ಬಂದವಳೇ, ಅದೇ ಗಂಡನಿಂದ ಡೈವೋರ್ಸ್ ಬೇಕು ಅಂತ ನನ್ನ ಅಂಗಡಿ ಮುಂದೆ ನಿಂತಳು.

ವಯಸ್ಸು ಎಪ್ಪತ್ತು ದಾಟಿತ್ತು. ನಿಮಗೆ ನಗು ಬಂತಾ? ನನಗೂ ಬಂದಿತ್ತು.

ಚಳ್ಳಕೆರೆ ಕೋರ್ಟಿನ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ವಕೀಲರ ಕರಿ ಕೋಟಿನ ಕಿತ್ತ ಗುಂಡಿ ಹೊಲಿದುಕೊಡುತ್ತೇನೆ ಎಂಬ ಒಂದೇ ಕಾರಣಕ್ಕೆ ನನಗೆ ಕಾನೂನೆಲ್ಲ ಗೊತ್ತು ಅಂತ ಅತ್ತೆಯ ನಂಬಿಕೆ.

"ಯಾವ ವಕೀಲ ಚೆನ್ನಾಗವ್ನೆ ಹೇಳೇ."

"ನನಗೇನತ್ತೆ ಗೊತ್ತು? ಯಾರ ಕೋಟಿನ ಗುಂಡಿ ಜಾಸ್ತಿ ಕಿತ್ತೋಗುತ್ತೆ ಅಂತ ಬೇಕಾದ್ರೆ ಹೇಳ್ತೀನಿ."

"ಅವನೇ ಆಗ್ಲಿ ಬಿಡು. ಮೈಮೇಲೆ ಬಿದ್ದು ಜಗಳ ಆಡ್ತಾನೆ ಅಂತಾಯ್ತು."

ಆ ಗುಂಡಿ ಕಿತ್ತ ವಕೀಲರ ಎದುರು ಇಬ್ಬರೂ ಹೋಗಿ ಕೂತೆವು. ಅವರು ಪೆನ್ನು ತೆಗೆದು ಶುರುಮಾಡಿದರು.

"ಮನೆಯವರು ಹೊಡೀತಾರೇನಮ್ಮ?"

"ನೊಣ ಓಡ್ಸಾಕೂ ಕೈ ಏಳಲ್ಲ."

"ನಿಮ್ಮನ್ನ ಬಿಟ್ಟು ಹೋಗಿದಾರಾ?"

"ಮಂಚ ಬಿಟ್ಟೇ ಇಳಿದಿಲ್ಲ."

"ಬೇರೆ ಹೆಂಗಸಿನ ಸಹವಾಸ ಏನಾದ್ರೂ...?"

"ಇದ್ದಿದ್ರೆ ಚೆನ್ನಾಗಿರ್ತಿತ್ತು! ಮಗ್ಗುಲು ಬದಲಿಸಾಕೆ ಇನ್ನೊಬ್ಳು ಆಗ್ತಿದ್ಲು."

ವಕೀಲರು ಪೆನ್ನು ಮೇಜಿನ ಮೇಲಿಟ್ಟರು. "ಮತ್ತೆ ಯಾಕಮ್ಮ ಡೈವೋರ್ಸು?"

ಅತ್ತೆ ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೂ ಅಲ್ಲದಿದ್ದರೂ ಅರ್ಧ ಕೈ ತುಂಬ ಹಸಿರು ಗಾಜಿನ ಬಳೆ.

"ಅವ್ರು ಹೋದ ದಿನ ಇವನ್ನ ಒಡೀತಾರಲ್ಲ, ಅದಕ್ಕೆ. ಅವ್ರು ನನ್ನ ಗಂಡನೇ ಅಲ್ಲ ಅಂತ ಕೋರ್ಟು ಬರ್ಕೊಟ್ರೆ, ನಾನು ಯಾರ ಮುಂಡೆ?"

ವಕೀಲರು ನಗಲಿಲ್ಲ. ನಾನಂತೂ ನಗುವ ಹಾಗಿರಲಿಲ್ಲ. ಅತ್ತೆಯ ಮನಸ್ಸಿನಲ್ಲಿ ಯಾವ ದಿನ ಓಡುತ್ತಿದೆ ಅಂತ ನನಗೆ ಗೊತ್ತಾಗಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಮೊಳಕಾಲ್ಮುರು ಸೀಮೆಯ ನಮ್ಮ ಹಳ್ಳಿ ಮನೆಯಲ್ಲಿ ನಾಲ್ಕೈದು ಹೆಂಗಸರು ಅವ್ವನನ್ನು ಹಿಡಿದು ಕೂರಿಸಿ, ಅವಳ ಕೈಗಳನ್ನು ಹೊಸ್ತಿಲ ಮೇಲಿಟ್ಟು, ಕಲ್ಲಿನಿಂದ ಬಳೆ ಕುಟ್ಟಿದರು. ಗಾಜು ಮಣಿಕಟ್ಟಿಗೆ ಇಳಿದು ರಕ್ತ ಬಂತು. "ಬಿಡ್ರೇ, ಕೈ ಕುಯ್ದೋಗೈತೆ, ಬಿಡ್ರೇ" ಅಂತ ಅತ್ತೆ ಒಬ್ಬಳೇ ಕಿರುಚಿದಳು. ಮುತ್ತೈದೆ ಇದನ್ನೆಲ್ಲ ನೋಡಬಾರದು ಅಂತ ಅವಳ ಬೆನ್ನಿಗೆ ಕೈ ಹಚ್ಚಿ ಹೊರಕ್ಕೆ ನೂಕಿ ಬಾಗಿಲು ಹಾಕಿಕೊಂಡರು. ಅವ್ವ ಅಳಲೂ ಇಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಅಲ್ಲಿಂದೀಚೆಗೆ ಅವಳು ಯಾವ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಯಾರಾದರೂ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರೆ, ಅವರು ತನ್ನನ್ನು ದಾಟಿಹೋಗುವ ಮೊದಲು ತಾನೇ ಎದ್ದು ಒಳಗೆ ಹೋಗುತ್ತಾಳೆ.

ಈಗ ಅವ್ವ ಚಳ್ಳಕೆರೆಯಲ್ಲಿ ನನ್ನ ಜೊತೆಗಿದ್ದಾಳೆ. ಕೇಸಿನ ವಿಷಯ ಕೇಳಿ, "ನಮ್ಮ ನಾದಿನಿಗೆ ತಲೆ ಕೆಟ್ಟೈತೆ" ಎಂದಷ್ಟೇ ಹೇಳಿ ರೊಟ್ಟಿ ತಟ್ಟಲು ಕೂತಳು.

ವಕೀಲರು ಕಾನೂನು ಬಿಡಿಸಿ ಹೇಳಿದರು. ಚಿತ್ರದುರ್ಗದವರೆಗೂ ಅಲೆಯುವುದು ಬೇಡ, ಇಲ್ಲೇ ಚಳ್ಳಕೆರೆಯಲ್ಲೇ ಹಾಕಬಹುದು. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ತಪ್ಪು ಹೊರಿಸುವ ಗೋಜಿಲ್ಲ. ಆದರೆ ಒಂದು ವರ್ಷದಿಂದಾದರೂ ಬೇರೆ ಬೇರೆ ಬದುಕುತ್ತಿರಬೇಕು.

"ಅವ್ರು ಪಡಸಾಲೇಲಿ, ನಾನು ಅಡುಗೆಮನೇಲಿ. ನನಗೆ ಮಕ್ಕಳಾಗಲ್ಲ ಅಂತ ಗೊತ್ತಾದಾಗಿಂದ ಹಿಂಗೇ. ಇದಕ್ಕಿಂತ ದೂರ ಬೇಕಾ ನಿಮ್ಮ ಕಾನೂನಿಗೆ?"

"ಸಾಕಮ್ಮ" ಅಂದರು ವಕೀಲರು. "ಮದುವೆ ಆಗಿದ್ದಕ್ಕೆ ದಾಖಲೆ ಏನಿದೆ?"

ಲಗ್ನಪತ್ರಿಕೆ ಗೆದ್ದಲು ತಿಂದಿತ್ತು. ಫೋಟೊ ತೆಗೆಸಿರಲೇ ಇಲ್ಲ. ಕೊನೆಗೆ ಅತ್ತೆ, ಮೊಳಕಾಲ್ಮುರು ಕೋರ್ಟಿನಲ್ಲಿ ತನ್ನದೊಂದು ಹಳೇ ಕೇಸಿದೆ ಎಂದಳು. ನನಗೆ ಅಲ್ಲಿಯವರೆಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ಮಕ್ಕಳಾಗಲಿಲ್ಲ ಅಂತ ಮಾವ ಅವಳನ್ನು ತವರಿಗೆ ತಂದುಬಿಟ್ಟು, ಇನ್ನೊಂದು ಹೆಣ್ಣು ನೋಡಲು ಓಡಾಡುತ್ತಿದ್ದಾಗ, ಅಪ್ಪ ಅವಳ ಕೈಯಲ್ಲಿ ಜೀವನಾಂಶದ ಕೇಸು ಹಾಕಿಸಿದ್ದನಂತೆ. ಕೊನೆಗೆ ರಾಜಿಯಾಗಿ ಮಾವ ಬಂದು ಕರೆದುಕೊಂಡು ಹೋದನಂತೆ.

ಸರಿ, ಇಬ್ಬರೂ ಮೊಳಕಾಲ್ಮುರಿಗೆ ಹೋದೆವು. ಕೋರ್ಟಿನ ಗುಮಾಸ್ತರು ತಾಳ್ಮೆಯ ಮನುಷ್ಯ.

"ಕೇಸ್ ನಂಬರ್ ಎಷ್ಟಮ್ಮ?"

"ಗೊತ್ತಿಲ್ಲ."

"ಯಾವ ವರ್ಷದ್ದು?"

"ನಮ್ಮ ಎಮ್ಮೆ ಸತ್ತ ವರ್ಷ. ಗೌರಸಮುದ್ರದ ಮಾರಮ್ಮನ ಪರಿಷೆ ಆಗಿ ವಾರ ಆಗಿತ್ತು."

"ಕಂಪ್ಯೂಟರಿನಾಗೆ ಎಮ್ಮೆ ಹೆಸರು ಹಾಕಿ ಹುಡುಕಾಕಾಗಲ್ಲಮ್ಮ!"

ಅಷ್ಟು ಹಳೆಯದು ಕಂಪ್ಯೂಟರಿನಲ್ಲಿ ಇರಲೂ ಇಲ್ಲ. ಎಮ್ಮೆ ಸತ್ತದ್ದು ನಮ್ಮ ಅಪ್ಪ ಅವ್ವನ ಮದುವೆಯ ಮಾರನೇ ವರ್ಷ ಎಂದು ಅತ್ತೆಗೆ ನೆನಪಾಯಿತು. ಅದರಿಂದ ನಾನು ಇಸವಿ ಲೆಕ್ಕ ಹಾಕಿದೆ. ಅತ್ತೆಯ ಹೆಸರು, ಮಾವನ ಹೆಸರು, ಇಸವಿ ಬರೆದು ನಕಲಿಗೆ ಅರ್ಜಿ ಕೊಟ್ಟೆವು. ಅಷ್ಟು ಹಿಂದಿನ ಕಡತಗಳನ್ನು ನಿಯಮದಂತೆ ನಾಶ ಮಾಡಿರುತ್ತಾರೆ, ಆದೇಶದ ಹಾಳೆ ಉಳಿದಿದ್ದರೆ ನಿಮ್ಮ ಪುಣ್ಯ ಅಂದರು ಗುಮಾಸ್ತರು. "ವಾರಂ ತರ್ವಾತ ರಾ ಅವ್ವಾ" ಅಂತ ತೆಲುಗಿನಲ್ಲಿ ವಾರ ಬಿಟ್ಟು ಬರಲು ಹೇಳಿದರು. ಆ ವಾರವೆಲ್ಲ ಅತ್ತೆ ಮಾವನ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡಿದಳು.

ಪುಣ್ಯ ಇತ್ತು. ಒಂದು ಹಾಳೆ ಉಳಿದಿತ್ತು. ಹೊರಗೆ ಬೇವಿನ ಮರದ ಕೆಳಗೆ ನಿಂತು ಅತ್ತೆಗೆ ಓದಿ ಹೇಳಿದೆ: ಉಭಯತ್ರರು ರಾಜಿಯಾಗಿದ್ದಾರೆ, ಎದುರುದಾರನು ತನ್ನ ಧರ್ಮಪತ್ನಿಯಾದ ಅರ್ಜಿದಾರಳನ್ನು ಗೌರವದಿಂದ ನೋಡಿಕೊಳ್ಳಲು ಒಪ್ಪಿರುತ್ತಾನೆ.

"ಇನ್ನೊಂದ್ಸಲ ಓದೇ."

ಓದಿದೆ.

"ಗೌರವ ಅಂತೆ!" ಅಂತ ಅತ್ತೆ ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಅವತ್ತೇ ಯಾರಾದ್ರೂ ನನಗೆ ಓದಿ ಹೇಳಿದ್ರೆ, ಪಡಸಾಲೆ ಗೋಡೆಗೆ ಅಂಟಿಸ್ತಿದ್ದೆ ಕಣೇ. ಬಾ, ಬಸ್ಸು ಹೋಗ್ತೈತೆ."

ಇನ್ನು ಮಾವನ ಒಪ್ಪಿಗೆ. ಅತ್ತೆ ಅದನ್ನೂ ಮುಚ್ಚುಮರೆಯಿಲ್ಲದೆ, ನನ್ನ ಎದುರಿಗೇ ಕೇಳಿದಳು. "ನೋಡ್ರಿ, ನೀವು ಹೋದ್ಮೇಲೆ ನನ್ನ ಕೈ ಬೋಳು ಮಾಡ್ತಾರೆ. ಅತ್ಗೆಗೆ ಮಾಡಿದ್ದು ನೋಡಿದೀರಲ್ಲ. ಅದಕ್ಕೆ ಡೈವೋರ್ಸ್ ಬೇಕು ನನಗೆ."

ಮಾವ ಸೂರು ನೋಡಿದ. ನಾಲಿಗೆ ಹೊರಳುತ್ತಿರಲಿಲ್ಲ, ಒಂದೊಂದು ಮಾತನ್ನೂ ಕಲ್ಲು ಎತ್ತಿಟ್ಟ ಹಾಗೆ ಆಡಿದ. "ಆಮೇಲೆ... ಎಲ್ಲಿಗೆ ಹೋಗ್ತೀಯಾ?"

"ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ. ನಿಮ್ಮ ಮೈ ಒರೆಸೋರ್ಯಾರು?"

"ಹಂಗಾದ್ರೆ... ಆಗ್ಲಿ."

ಕೋರ್ಟಿನ ದಿನ ಮಾವನನ್ನು ಹಾಸಿಗೆ ಸಮೇತ ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಬಂದೆವು. ಅತ್ತೆ ದಾರಿಯುದ್ದಕ್ಕೂ ಅವನ ಮುಖಕ್ಕೆ ಕೊಡೆ ಹಿಡಿದಿದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ "ಯಾವ ಆಸ್ಪತ್ರೆಗೆ?" ಅಂತ ಕೇಳುವವರೇ. ಅತ್ತೆ, "ಡೈವೋರ್ಸಿಗೆ" ಅಂತ ಹೇಳುವವಳೇ! ಜಡ್ಜ್ ಮೇಡಂ ದೊಡ್ಡ ಮನಸ್ಸು ಮಾಡಿ ಆಟೋ ಹತ್ತಿರವೇ ಬಂದರು. ಮಾವನಿಗೆ ಒಪ್ಪಿಗೆಯೇ ಅಂತ ಎರಡೆರಡು ಸಲ ಕೇಳಿ, ಅತ್ತೆಯ ಕಡೆ ತಿರುಗಿ, "ಇಷ್ಟು ಚೆನ್ನಾಗಿ ನೋಡ್ಕೊಳ್ತಿದೀರಿ. ಇನ್ನೊಂದು ಸಲ ಯೋಚನೆ ಮಾಡಿ. ಅದಕ್ಕೇ ಕಾನೂನು ಆರು ತಿಂಗಳು ಟೈಮ್ ಕೊಡುತ್ತೆ" ಅಂದರು.

ಅತ್ತೆ ಬಗ್ಗಿ ಮಾವನ ಕಿವಿಯಲ್ಲಿ ಕೂಗಿದಳು. "ಕೇಳಿಸ್ತೇನ್ರಿ? ಆರು ತಿಂಗ್ಳು ಸಾಯಂಗಿಲ್ಲ ನೀವು! ಕೋರ್ಟಿನ ಆರ್ಡರ್ ಆಗೈತೆ!"

ಮಾವನ ಅರ್ಧ ಬಾಯಿ ನಕ್ಕಿತು. ಇನ್ನರ್ಧಕ್ಕೆ ಆಗಲಿಲ್ಲ.

ಆಮೇಲಿನ ಉಪಚಾರ ನೀವು ನೋಡಬೇಕಿತ್ತು! ಹಾಲೇನು, ಹಣ್ಣೇನು, ಟಾನಿಕ್ಕೇನು! ತಿಪ್ಪೇಸ್ವಾಮಿ ಗುಡಿಗೆ ಹೋಗಿ, "ಡೈವೋರ್ಸ್ ಸಿಗೋವರೆಗಾದ್ರೂ ನನ್ನ ಗಂಡನ್ನ ಉಳಿಸಪ್ಪ" ಅಂತ ಹರಕೆ ಹೊತ್ತಳು. ಸ್ವಾಮಿಗೆ ಇಂಥ ಹರಕೆ ಹಿಂದೆ ಯಾರೂ ಹೊತ್ತಿರಲಾರರು. ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲವೋ ಏನೋ.

ಅವಧಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಮಾವ ಹೋಗಿಬಿಟ್ಟ.

ನಾನು ವಕೀಲರಿಗೆ ಫೋನ್ ಮಾಡಿದೆ. "ಕೇಸು ಅಲ್ಲಿಗೆ ಮುಗೀತಮ್ಮ. ಕಾನೂನಿನ ಪ್ರಕಾರ ಅವರು ಹೆಂಡತಿಯಾಗಿಯೇ ಉಳಿದರು" ಅಂದರು. ಅವ್ವನಿಗೆ ಅದನ್ನು ಹೇಳಿ, ಕರೆದುಕೊಂಡು ನಾಯಕನಹಟ್ಟಿಗೆ ಹೋದೆ.

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅತ್ತೆ ಪಕ್ಕದಲ್ಲಿ ಕಣ್ಣೀರಿಲ್ಲದೆ ಕೂತಿದ್ದಳು. ವಾರಗಿತ್ತಿಯರು ಆಗಲೇ ಬಾಗಿಲಲ್ಲಿ ಕಲ್ಲು ತಂದಿಟ್ಟಿದ್ದರು. ಅವರಲ್ಲಿ ದೊಡ್ಡವಳು, "ಎತ್ತೋ ಹೊತ್ತಾಯ್ತು, ಏಳವ್ವ" ಅಂತ ಅತ್ತೆಯ ತೋಳಿಗೆ ಕೈ ಹಾಕಿದಳು. ಅತ್ತೆ ನನ್ನ ಮುಖ ನೋಡಿದಳು.

ಆಗ ಅವ್ವ ಎದ್ದಳು. ಇಂಥ ಮನೆಗಳಲ್ಲಿ ಹಿತ್ತಲ ಬಾಗಿಲ ಹತ್ತಿರ ಕೂತು ಎದ್ದುಹೋಗುವ ನಮ್ಮವ್ವ, ನಡುಮನೆಗೆ ಬಂದು ಆ ಹೆಂಗಸಿನ ಕೈಯನ್ನು ಅತ್ತೆಯ ತೋಳಿನಿಂದ ಬಿಡಿಸಿದಳು.

"ಮುಟ್ಟಬ್ಯಾಡ. ಕೇಸು ಕೋರ್ಟಿನಾಗೈತೆ. ಜಡ್ಜಮ್ಮ ತೀರ್ಪು ಹೇಳೋಗಂಟ ಇವಳ ಮೈಮೇಲಿನ ಒಂದು ಬಳೇನೂ ಯಾರೂ ಮುಟ್ಟಂಗಿಲ್ಲ. ಮುಟ್ಟಿದೋರು ಚಳ್ಳಕೆರೆ ಕೋರ್ಟಿಗೆ ಅಲೀಬೇಕಾಗ್ತೈತೆ." ನನ್ನ ಕಡೆ ತಿರುಗಿದಳು. "ಹೌದಲ್ಲೇನೇ?"

"ಹೌದು" ಅಂದೆ. "ಪೊಲೀಸರೂ ಬರ್ತಾರೆ."

ವಾರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಗೇಜ್ ಆಟೋದಲ್ಲಿ ಗಂಡನನ್ನು ಕೋರ್ಟಿಗೆ ಸಾಗಿಸಿದ ಹೆಂಗಸು ತಮ್ಮನ್ನು ಬಿಟ್ಟಾಳೇ? ದೊಡ್ಡವಳು ಏನೋ ಗೊಣಗುತ್ತಾ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಗಂಡಸರು ಬಂದು ಮಾವನನ್ನು ಎತ್ತಿದರು. ಯಾರೂ ಅತ್ತೆಯ ಕೈ ಮುಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ಗೆದ್ದೆಯಲ್ಲ ಅತ್ತೆ ಅನ್ನಬೇಕೆಂದು ನಾನು ಹತ್ತಿರ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ. ಅವ್ವನ ತೊಡೆ ಮೇಲೆ ತಲೆಯಿಟ್ಟು, ಚಿಕ್ಕ ಹುಡುಗಿಯ ಹಾಗೆ ಮೊಣಕಾಲು ಮಡಿಚಿ ಮಲಗಿದಳು.

"ಅತ್ಗೆ, ಬೆಳಿಗ್ಗೆ ಗಂಜಿಗೆ ಉಪ್ಪು ಹಾಕಾದು ಮರ್ತುಬಿಟ್ಟಿದ್ದೆ ಕಣ್ರಿ" ಅಂದಳು. "ಜೀವಮಾನ ಎಲ್ಲಾ ಉಪ್ಪಿಗೆ ಜಗಳ ಆಡ್ದೋರು. ಇವತ್ತು ಒಂದು ಮಾತೂ ಅನ್ಲಿಲ್ಲ. ಸಪ್ಪೇದನ್ನೇ ಕುಡ್ದು, ಚೆನ್ನಾಗೈತೆ ಅಂದ್ರು."

ಆಗ ಅತ್ತಳು.