ಬಾಯಲ್ಲೇ ಬಾರಿಸಿದ ಚೀನೀ ಡೋಲು

ಬೇಡವೆಂದರೂ ಹುಡುಕಿಕೊಂಡು ಬಂದು ಹೆಗಲೇರುವ ಕೆಲಸಗಳು ಕೆಲವರ ಜಾತಕದಲ್ಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ಸೌದಿ ಅರೇಬಿಯದ ಅಬ್ಕೈಕ್‌ನ ಒಂದು ಪುಟ್ಟ ಭಾರತೀಯ ಶಾಲೆಗೆ ಲೆಕ್ಕ ಕಲಿಸಲು ಹೋದವನು ನಾನು. ಜನ ನೆನಪಿಟ್ಟುಕೊಂಡದ್ದು ಮಾತ್ರ ನಾನು ಕಲಿಸಿದ ಚೀನೀ ಡೋಲನ್ನು.

೧. ಆಯ್ಕೆ

ವಾರ್ಷಿಕೋತ್ಸವಕ್ಕೆ ಒಂದೊಂದು ತರಗತಿಗೆ ಒಂದೊಂದು ದೇಶ ಎಂದು ಚೀಟಿ ಎತ್ತಿದರು. ನನ್ನ ಮೂರನೇ ಕ್ಲಾಸಿಗೆ ಚೀನಾ ಬಂತು. ನಮ್ಮ ಕಂಪೌಂಡಿನಲ್ಲಿದ್ದ ಸಿಂಗಾಪುರದ ಚೀನೀ ಇಂಜಿನಿಯರರ ಹೆಂಡತಿ ಡೋಲು, ಜಾಗಟೆ, ತಾಳ ಎಲ್ಲ ಕೊಡುತ್ತೇನೆಂದರು.

"ಮಕ್ಕಳಿಗೆ ಕಲಿಸೋರು ಯಾರ್ರೀ?" ಎಂದರು ಮೈಸೂರಿನ ನಮ್ಮ ಪ್ರಿನ್ಸಿಪಾಲರು.

ಹಿಂದಿ ಟೀಚರಮ್ಮ ನನ್ನ ಕಡೆ ಬೊಟ್ಟು ಮಾಡಿದರು. "ಇವರು ಮಂಗಳೂರಿನವರು ಸಾರ್. ಅಲ್ಲಿ ಎಲ್ಲರಿಗೂ ಚೆಂಡೆ ಬರುತ್ತಂತೆ."

ಚೆಂಡೆ ಕೇಳಿದರೆ ನನಗೆ ಬರುತ್ತಿದ್ದದ್ದು ನಿದ್ದೆ.

೨. ಷರತ್ತು

"ಈ ದೇಶದಲ್ಲಿ ಹೀಗೆಲ್ಲ ವಾದ್ಯ ಬಾರಿಸೋ ಹಾಗಿಲ್ಲ, ಸದ್ದು ಗೋಡೆಯಾಚೆ ಹೋಗಬಾರದು ಕಣ್ರೀ. ಹೋಯ್ತೋ, ಐಟಮ್ ಕ್ಯಾನ್ಸಲ್. ನಿಮ್ಮ ಕಾಂಟ್ರಾಕ್ಟ್ ವಿಷಯಾನೂ ಆಮೇಲೆ ನೋಡಬೇಕಾಗುತ್ತೆ" ಎಂದರು ಪ್ರಿನ್ಸಿಪಾಲರು. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಆ ವರ್ಷಕ್ಕೇ ಮುಗಿಯುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ದಾರಿ ತೋರಿಸಿದ್ದು ಚೀನೀ ಅಮ್ಮನೇ. ಅವರಲ್ಲಿ ಮಕ್ಕಳು ಮೊದಲು ಬಾಯಲ್ಲಿ ಕಲಿಯುತ್ತಾರಂತೆ. ಡೋಲಿಗೆ 'ಡೋಂಗ್', ಜಾಗಟೆಗೆ 'ಕ್ವಾಂಗ್', ತಾಳಕ್ಕೆ 'ಚೀ'. ಬಾಯಿಗೆ ಬಂದ ಮೇಲೆ ಕೈಗೆ. ನಾನು ಕೈಯ ಸುದ್ದಿಗೇ ಹೋಗಲಿಲ್ಲ. ಬಾಯಲ್ಲಿ ಮೆಲ್ಲಗೆ ಹೇಳಬೇಕು, ಕೋಲನ್ನು ಗಾಳಿಯಲ್ಲಿ ಬೀಸಬೇಕು. ವಾದ್ಯಗಳು ಸ್ಟೋರ್ ರೂಮಿನಲ್ಲಿ ಬೆಚ್ಚಗೆ ಮಲಗಿದ್ದವು.

ಮಕ್ಕಳಿಗೆ ಖುಷಿಯೋ ಖುಷಿ. ಮಾತಾಡು ಎಂದು ಟೀಚರೇ ಹೇಳುವ ಪೀರಿಯಡ್ ಅವರು ಕಂಡದ್ದು ಅದೊಂದೇ.

೩. ದೂರು

ಡೋಲಿನ ಹುಡುಗಿಯ ಅಪ್ಪ ಉಡುಪಿ ಕಡೆಯವರು, ಟೆಕ್ನೀಷಿಯನ್. ಒಂದು ದಿನ ಗೇಟಿನಲ್ಲೇ ನನ್ನನ್ನು ಹಿಡಿದರು.

"ಎಂತ ಸಾರ್ ನೀವು ಕಲಿಸುದು? ನಿನ್ನೆ ನಮ್ಮ ಕಫೀಲ್ ಮನೆಗೆ ಬಂದಿದ್ರು. ಇವಳು ಅವರೆದುರು ಖರ್ಜೂರದ ತಟ್ಟೆ ಇಟ್ಟು 'ಕ್ವಾಂಗ್' ಹೇಳಿದ್ಲು."

ಕಫೀಲ್ ಎಂದರೆ ವೀಸಾ ಕೊಟ್ಟ ಧಣಿ, ಅವರೆದುರೇ ಹೀಗಾದರೆ ಕೆಲಸದ ಗತಿ? "ಅವರು ಎಂತ ಹೇಳಿದ್ರು?" ಎಂದೆ.

"ಎಂತ ಹೇಳುದು ಮಾರಾಯ್ರೆ. ಹೋಗುವಾಗ ಅವರೂ ಕ್ವಾಂಗ್ ಹೇಳಿ ಹೋದ್ರು."

೪. ನಿಲುಗಡೆ

ನಮ್ಮ ಅಭ್ಯಾಸ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ನುಡಿಸುವ ಪಾಠದ ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ದಿನಾ ಮಸೀದಿಯ ಬಾಂಗ್ ಕೇಳುತ್ತಿತ್ತು. ಕೂಡಲೇ ನಾನು ತುಟಿಯ ಮೇಲೆ ಬೆರಳಿಡುತ್ತಿದ್ದೆ. ಮಕ್ಕಳು ಕೈಕಟ್ಟಿ ಕೂರುತ್ತಿದ್ದರು. ಬಾಂಗ್ ಮುಗಿದ ಮೇಲೆ ನಾನು ಕೆಮ್ಮಿದರೆ ಮತ್ತೆ 'ಡೋಂಗ್'.

ಒಮ್ಮೆ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿದಾಗ ಸರಿಯಾಗಿ ಆ ಹೊತ್ತು. "ಎಷ್ಟು ಚೆನ್ನಾಗಿ ಪ್ರಾಕ್ಟೀಸ್ ಮಾಡಿಸ್ತಿದ್ದೀರಿ" ಎಂದು ಮೆಚ್ಚಿ ಹೋದರು.

೫. ವೇದಿಕೆ

ಕಾರ್ಯಕ್ರಮ ಕಂಪನಿಯ ಕ್ಯಾಂಪಿನೊಳಗಿನ ಮುಚ್ಚಿದ ಹಾಲಿನಲ್ಲಿ. ಅಲ್ಲಿ ಎಷ್ಟು ಬೇಕಾದರೂ ಬಾರಿಸಬಹುದು. ಚೀನೀ ದಂಪತಿಗಳೇ ಮುಖ್ಯ ಅತಿಥಿಗಳು. ಮಕ್ಕಳ ಕೈಗೆ ವಾದ್ಯ ಕೊಟ್ಟು, "ಪ್ರಾಕ್ಟೀಸಿನಲ್ಲಿ ಮಾಡಿದ ಹಾಗೇ ಮಾಡಿ, ಒಂದು ಚೂರೂ ಬದಲಾಯಿಸಬೇಡಿ" ಎಂದೆ.

ದನಿಯೊಂದನ್ನು ಬಿಟ್ಟು ಏನೂ ಬದಲಾಯಿಸಲಿಲ್ಲ. ಪರದೆ ಎದ್ದಿತು, ಕೋಲುಗಳು ಎದ್ದವು, ಇಳಿದವು. ಚರ್ಮಕ್ಕೆ ಒಂದು ಬೆರಳು ಮೇಲೆ ಗಾಳಿಯಲ್ಲೇ ನಿಂತವು. "ಡೋಂಗ್ ಡೋಂಗ್ ಕ್ವಾಂಗ್, ಚೀ ಚೀ ಕ್ವಾಂಗ್" ಎಂದು ಇಡೀ ಕ್ಲಾಸು ಗಂಟಲು ಹರಿಯುವಂತೆ ಕೂಗಿತು. ವಾದ್ಯಗಳಿಂದ ಒಂದು ಚೂರೂ ಸದ್ದಿಲ್ಲ. ನನ್ನ ಇಕಾಮಾ ಮುಗಿಯಿತು ಎಂದುಕೊಂಡೆ.

ಮೂರನೇ ಭಾಗ ಬಂತು. ಬಾಂಗ್ ಇಲ್ಲದಿದ್ದರೂ ಎಲ್ಲರೂ ಥಟ್ಟನೆ ನಿಲ್ಲಿಸಿ ಕೈಕಟ್ಟಿ ಕೂತರು. ಮುಗಿಯಿತೆಂದು ಪ್ರಿನ್ಸಿಪಾಲರು ಚಪ್ಪಾಳೆಗೆ ಕೈ ಎತ್ತಿದರು. ಡೋಲಿನ ಹುಡುಗಿ ಅವರನ್ನು ದುರುಗುಟ್ಟಿ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಅವರೂ ಕೈಕಟ್ಟಿ ಕೂತರು. ನಾನು ಕೆಮ್ಮಬೇಕಿತ್ತು, ಇಕಾಮಾದ ಯೋಚನೆಯಲ್ಲಿ ಅದು ಮರೆತೇ ಹೋಗಿತ್ತು. ಕೊನೆಗೆ ಗಾಬರಿಯಲ್ಲಿ ಪ್ರಿನ್ಸಿಪಾಲರೇ ಕೆಮ್ಮಿದರು. ಮಕ್ಕಳು ಕೂಡಲೇ "ಡೋಂಗ್" ಎಂದರು. ಚೀನೀ ಅಮ್ಮ ಎದ್ದು ನಿಂತು, ಕಣ್ಣು ಒರೆಸಿಕೊಳ್ಳುತ್ತ, ಕೊನೆಯವರೆಗೂ ಜೊತೆಗೇ ಕೂಗಿದರು.

ಆಮೇಲೆ ಇಂಜಿನಿಯರರು ನಮ್ಮ ಕೈ ಕುಲುಕಿದರು. "ನನ್ನ ಹೆಂಡತಿ ಚಿಕ್ಕಂದಿನಲ್ಲಿ ಹೀಗೇ ಕಲಿತದ್ದು. ಆದರೆ ನಡುವೆ ಆ ಮೌನ? ಅದು ನಮ್ಮಲ್ಲಿ ಇಲ್ಲವಲ್ಲ."

"ಅದು ನಮ್ಮ ಶಾಲೆಯ ವಿಶೇಷ" ಎಂದರು ಪ್ರಿನ್ಸಿಪಾಲರು, ಗಂಭೀರವಾಗಿ.

ಅತಿಥಿಗಳು ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದರು. "ಕಾಂಟ್ರಾಕ್ಟ್ ರಿನ್ಯೂ ಮಾಡಿಸ್ತೀನಿ. ಮುಂದಿನ ವರ್ಷವೂ ನೀವೇ ಕಲಿಸಿ. ಕೆಮ್ಮೋದು ಮಾತ್ರ ನಾನೇ ಕಣ್ರೀ."