ಕೆಂಪಿಯ ಪ್ರಸಾರ ಹಕ್ಕು

ಟಿವಿ ನೋಡುವವರಲ್ಲಿ ಎರಡು ಥರ. ಬಾಯಿ ಮುಚ್ಚಿಕೊಂಡು ನೋಡುವವರು ಒಂದು ಥರ, ಟಿವಿಯೊಳಗಿನವರಿಗೆ ಬುದ್ಧಿ ಹೇಳುತ್ತಾ ನೋಡುವವರು ಇನ್ನೊಂದು ಥರ. ನಾನು ಎರಡನೆಯವರ ಪೈಕಿ. ಇದನ್ನ ನನ್ನ ಹೆಂಡತಿ ಜಯಮ್ಮ ಚಟ ಅಂತ ಕರೀತಾಳೆ. ನಾನು ಮಾತ್ರ ಸಮಾಜಸೇವೆ ಅಂದುಕೊಂಡಿದ್ದೀನಿ. ನೋಡಿ, ಮನೆಯಲ್ಲಿ ನನ್ನ ಮಾತು ಯಾರೂ ಕೇಳಲ್ಲ. ಹೊಸಕೋಟೆ ಹತ್ತಿರದ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೆಲಸ ನನ್ನದು, ಅಲ್ಲಿ ಮೇಲಿನವರೂ ಕೇಳಲ್ಲ, ಕೆಳಗಿನವರೂ ಕೇಳಲ್ಲ. ಟಿವಿಯವರೂ ಕೇಳಲ್ಲ ಅನ್ನೋದು ನಿಜವೇ. ಆದರೆ ಅವರು ತಿರುಗಿ ಮಾತಾಡಲ್ಲ, ಅದೇ ದೊಡ್ಡ ಉಪಕಾರ.

ನಂದಗುಡಿ ಹೋಬಳಿಯ ನಮ್ಮ ಹಳ್ಳಿಯಲ್ಲಿ ಕ್ರಿಕೆಟ್ಟಿಗೆ ಮನೆಗೊಬ್ಬ ಪಂಡಿತ ಇದ್ದಾನೆ. ಫುಟ್‌ಬಾಲಿಗೆ ನಾನೊಬ್ಬನೇ. ಈ ಹುಚ್ಚು ಹತ್ತಿಸಿದವನು ಸ್ಟೋರ್ಸಿನಲ್ಲಿ ನನ್ನ ಪಕ್ಕದ ಮೇಜಿನ ಬಿಜು. ಕೇರಳದವನು, ನಮ್ಮ ಕಡೆ ಬಂದು "ಏನ್ ಗುರು, ಊಟ ಆಯ್ತಾ" ಅನ್ನೋದನ್ನ ನಮಗಿಂತ ಚೆನ್ನಾಗಿ ಕಲಿತವನು. ಆಫ್‌ಸೈಡ್ ಅಂದರೇನು ಅಂತ ಊಟದ ಡಬ್ಬಿಗಳನ್ನ ಮೇಜಿನ ಮೇಲೆ ಜೋಡಿಸಿ ನನಗೆ ತಿಳಿಸಿಕೊಟ್ಟ. ಹೊಸದಾಗಿ ಕಲಿತ ವಿದ್ಯೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕಾಗುತ್ತಾ? ಮನೆಗೆ ಬಂದವನೇ ಒಗ್ಗರಣೆ ಡಬ್ಬಿಯ ಬಟ್ಟಲುಗಳನ್ನ ಒಲೆಕಟ್ಟೆ ಮೇಲೆ ಇಟ್ಟು ಜಯಮ್ಮನಿಗೆ ಪಾಠ ಶುರುಮಾಡಿದೆ. ಸಾಸಿವೆ ಗೋಲ್‌ಕೀಪರು, ಅದರ ಮುಂದಿರೋ ಜೀರಿಗೆ ಕೊನೇ ಡಿಫೆಂಡರು, ಚೆಂಡಿಗೆ ಕಾಯ್ತಿರೋ ಮೆಂತ್ಯ ನಮ್ಮವನು. ಹಿಂದಿನಿಂದ ಚೆಂಡು ಒದೆಯೋ ಹೊತ್ತಿಗೆ ಮೆಂತ್ಯ ಜೀರಿಗೆಯನ್ನ ದಾಟಿ ನಿಂತಿದ್ದರೆ ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಜಯಮ್ಮ ಸೌಟು ಹಿಡಿದು ಎಲ್ಲಾ ಕೇಳಿಸಿಕೊಂಡು, ಮುಗೀತಾ ಅಂತ ವಿಚಾರಿಸಿ, ಹಾಗಾದರೆ ಆ ಡಿಫೆಂಡರನ್ನ ಈ ಕಡೆ ಕೊಡಿ ಸಾರಿಗೆ ಹಾಕ್ಬೇಕು ಅಂದಳು. ಅಲ್ಲಿಗೆ ನಮ್ಮ ಮನೆಯ ಕ್ರೀಡಾಶಿಕ್ಷಣ ಮುಗಿಯಿತು.

ಇಂಥ ಮನೆಗೆ ಫುಟ್‌ಬಾಲ್ ದೇವರಾಗಿ ಬಂದಿದ್ದು ಕೆಂಪಿಯ ದೆಸೆಯಿಂದ. ಕೆಂಪಿ ನಮ್ಮ ಜರ್ಸಿ ಹಸು. ಇದರ ತಾಯಿಯನ್ನ ಜಯಮ್ಮನ ಅಪ್ಪ ಜಡಿಗೇನಹಳ್ಳಿಯಿಂದ ಹಗ್ಗ ಹಿಡಿದು ನಡೆಸಿಕೊಂಡು ಬಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಈಗ ಅವರೂ ಇಲ್ಲ, ಆ ತಾಯಿಯೂ ಇಲ್ಲ. ತವರುಮನೆ ಅಂತ ಜಯಮ್ಮನಿಗೆ ಕಣ್ಣೆದುರು ಉಳಿದಿರೋದು ಈ ಕೆಂಪಿ. ಅದು ಮೊದಲ ಕರು ಹಾಕಿದಾಗ ಊರಿಗೆಲ್ಲಾ ಗಿಣ್ಣು ಹಂಚಿದಳು. ತಿಂಗಳು ತುಂಬೋದರೊಳಗೆ ಕರು ಹೊಟ್ಟೆ ಕೆಟ್ಟು ಸತ್ತುಹೋಯಿತು. ಕೆಂಪಿ ಸೊರೆ ಬಿಡೋದು ನಿಲ್ಲಿಸಿತು. ಸೊರೆ ಬಿಡೋದು ಅಂದರೆ ಹಸು ತಾನಾಗಿ ಮನಸ್ಸು ಮಾಡಿ ಹಾಲನ್ನ ಮೊಲೆಗೆ ಇಳಿಸೋದು. ಮನಸ್ಸು ಮಾಡದಿದ್ದರೆ ನೀವು ಎಷ್ಟು ಎಳೆದರೂ ಬಕೆಟ್ಟಿನ ತಳ ಒದ್ದೆಯಾಗುತ್ತೆ, ಅಷ್ಟೆ. ಜಯಮ್ಮ ಬೂಸಾ ಇಟ್ಟಳು, ಬೆನ್ನು ಸವರಿದಳು, ನನ್ನವ್ವ ನನ್ನ ತಾಯಿ ಅಂತ ಬೇಡಿಕೊಂಡಳು. ಹಾಲಿನ ಡೇರಿ ಸೆಕ್ರೆಟರಿ ಮುನಿರಾಜು ಬಂದು, ಅಕ್ಕಾ, ಒಂದು ಸೂಜಿ ಹಾಕಿದ್ರೆ ತಾನಾಗಿ ಇಳಿಯುತ್ತೆ ಅಂದ. ಮಗು ಕಳಕೊಂಡವಳಿಗೆ ಸೂಜಿ ಚುಚ್ಚಿ ಹಾಲು ಕೇಳೋಷ್ಟು ಪಾಪಿ ನಾನಲ್ಲ ಅಂತ ಇವಳು ಅವನನ್ನ ಬಾಗಿಲಿಂದಲೇ ಕಳಿಸಿದಳು.

ನಮ್ಮ ನಡುಮನೆಗೂ ಕೊಟ್ಟಿಗೆಗೂ ನಡುವೆ ಒಂದು ಕಿಟಕಿ. ಟಿವಿ ಇರೋದು ಆ ಕಿಟಕಿಯ ಪಕ್ಕ. ಒಂದು ಶನಿವಾರ ಸಂಜೆ ಇಂಗ್ಲೆಂಡಿನ ಎರಡು ತಂಡ ಆಡುತ್ತಿದ್ದವು. ಸುಮ್ಮಸುಮ್ಮನೆ ಚೆಂಡು ಹಿಂದಕ್ಕೆ ತಳ್ಳುತ್ತಿದ್ದ ಒಬ್ಬನಿಗೆ ನಾನು ಅವನ ವಂಶಾವಳಿ ಸಮೇತ ಬುದ್ಧಿ ಹೇಳುತ್ತಾ ಇದ್ದೆ. ಆಗ ಕೊಟ್ಟಿಗೆಯಿಂದ ಬಕೆಟ್ಟಿಗೆ ಹಾಲು ಬೀಳೋ ಸದ್ದು ಕೇಳಿಸಿತು, ಸೊರ್ ಸೊರ್ ಅಂತ. ಜಯಮ್ಮ ಕಿಟಕಿಯಲ್ಲಿ ಮುಖ ಇಟ್ಟು, ಟಿವಿ ಆರಿಸಬೇಡಿ ಅಂತ ಕೈಸನ್ನೆ ಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಆದರೆ ಆ ಹೊತ್ತಿಗೆ ಸರಿಯಾಗಿ ನಮ್ಮವರೊಂದು ಗೋಲು ಹೊಡೆದಿದ್ದರಿಂದ ಯಾವುದಕ್ಕೆ ಬಂತು ಅಂತ ಖಚಿತವಾಗಿ ಹೇಳಲಾರೆ.

ಅವತ್ತಿನಿಂದ ಎರಡು ಹೊತ್ತೂ ಹಾಲು ಕರೆಯುವಾಗ ಫುಟ್‌ಬಾಲ್ ಹಾಕಲೇಬೇಕು ಅಂತಾಯಿತು. ಹೊಸ ಪಂದ್ಯ ದಿನಾ ಇರಲ್ಲ, ಆದರೆ ಆ ಸ್ಪೋರ್ಟ್ಸ್ ಚಾನೆಲ್ಲಿನವರು ಪುಣ್ಯಾತ್ಮರು, ಹಳೇದನ್ನೇ ಮತ್ತೆಮತ್ತೆ ಹಾಕೋರು. ಯಾರು ಎಲ್ಲಿ ಎಡವುತ್ತಾರೆ ಅಂತ ಗೊತ್ತಿದ್ದೂ ಬೈಯೋದರಲ್ಲಿ ಬೇರೆಯೇ ಸುಖ ಇದೆ, ಸಂಸಾರಸ್ಥರಿಗೆ ಹೇಳಬೇಕಾಗಿಲ್ಲ. ಕಂಪನಿ ಬಸ್ಸು ಇಳಿದು ಬಂದರೆ ಕಾಫಿ ಕೊಟ್ಟು, ಹೋಗಿ ಮ್ಯಾಚ್ ನೋಡಿ, ಹೊತ್ತಾಯ್ತು ಅನ್ನುವ ಹೆಂಡತಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ. ಸಾವಿರಾರು ಮೈಲಿ ಆಚೆ ಮಳೆಯಲ್ಲಿ ನೆನೆದು ಆಡೋ ಆ ಹುಡುಗರಿಗೆ ನಾನು ಮನಸ್ಸಿನಲ್ಲೇ ಕೈಮುಗೀತಿದ್ದೆ.

ಹೀಗಿರುವಾಗ ಒಂದು ಸಂಜೆ ಚಾನೆಲ್ ಹಾಕಿದರೆ ಇಬ್ಬರು ದಾಂಡಿಗರು ಕುಸ್ತಿ ಮಾಡುತ್ತಿದ್ದರು. ಮಾರನೇ ದಿನವೂ ಅದೇ. ಡಿಶ್‌ನವರಿಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ಫುಟ್‌ಬಾಲಿನ ಪ್ರಸಾರ ಹಕ್ಕು ಬೇರೆಯವರ ಪಾಲಾಗಿದೆ ಸರ್, ಇನ್ನು ಮೊಬೈಲ್ ಆ್ಯಪಿನಲ್ಲಿ ಮಾತ್ರ ಬರುತ್ತೆ ಅಂದಳು. ನಮ್ಮ ಹಸು ಸೊರೆ ಬಿಡಲ್ಲಮ್ಮ ಅಂದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂದಳು.

ಈ ಹಕ್ಕು ಅಂದರೇನು ಅಂತ ಬಿಜು ಬಿಡಿಸಿ ಹೇಳಿದ. ನಮ್ಮ ಊರಿನವರಿಗೆ ತಿಳಿಯೋ ಹಾಗೆ ಹೇಳಬೇಕೆಂದರೆ ಇದು ಕೆರೆ ಮೀನಿನ ಹರಾಜು. ಕೆರೆ ಊರಿನದು, ನೀರು ಮಳೆಯದು, ಆದರೆ ಹರಾಜು ಕೂಗಿದವನು ಮಾತ್ರ ಬಲೆ ಬೀಸಬಹುದು, ಮಿಕ್ಕವರು ಏರಿ ಮೇಲೆ ಕೂತು ಗಾಳಿ ಕುಡೀಬೇಕು. ಮೊದಲು ದೊಡ್ಡದೊಡ್ಡ ಕಂಪನಿಗಳು ಜಿದ್ದಿಗೆ ಬಿದ್ದು ಕೂಗಿದವಂತೆ. ಆಮೇಲೆ ನೋಡಿದರೆ ಈ ದೇಶದಲ್ಲಿ ಫುಟ್‌ಬಾಲ್ ನೋಡೋರು ಬಿಜು ಮತ್ತು ನಾನು. ಮೀನಿಗಿಂತ ಬಲೆಯೇ ದುಬಾರಿ ಆಯಿತು ಅಂತ ಅವರು ಜಾರಿಕೊಂಡರು. ನಮ್ಮ ದೇಶದ ಲೀಗಿಗಂತೂ ಕೂಗೋರೇ ದಿಕ್ಕಿಲ್ಲ ಅಂತ ಅವನಿಗೆ ಸಂಕಟ. ಮುಂದೆ ಏನಪ್ಪಾ ಗತಿ ಅಂದರೆ, ಒಂದೊಂದು ತಂಡಕ್ಕೂ ಒಂದೊಂದು ಆ್ಯಪ್ ಬರುತ್ತೆ ಗುರು, ಹುಡುಗರು ಪೂರ್ತಿ ಆಟ ನೋಡೋದನ್ನೇ ಬಿಟ್ಟು ಬರೀ ಗೋಲಿನ ರೀಲ್ ನೋಡ್ತಾರೆ ಅಂದ. ಬಾಡೂಟಕ್ಕೆ ಕರೆದು ಬರೀ ತುಂಡು ಬಡಿಸಿದ ಹಾಗೆ. ಮುದ್ದೆ ಬೇಡವೇನ್ರೀ ಹೊಟ್ಟೆ ತುಂಬೋಕೆ?

ಕೆಂಪಿಗೆ ಈ ವ್ಯವಹಾರವೆಲ್ಲ ತಿಳಿಯುತ್ತಾ? ಅದು ಮತ್ತೆ ಹಾಲು ಏರಿಸಿಕೊಂಡುಬಿಟ್ಟಿತು. ಕುಸ್ತಿ ಹಾಕಿದೆವು, ಬಕೆಟ್ ಒದೆಯಿತು. ಕ್ರಿಕೆಟ್ ಹಾಕಿದೆವು, ಗಂಟೆಗಟ್ಟಲೆ ನಿಶ್ಶಬ್ದ, ಇದ್ದಕ್ಕಿದ್ದಂತೆ ಔಟ್ ಅಂತ ಅರಚಾಟ, ಅದು ಬೆಚ್ಚಿ ಸಗಣಿ ಹಾಕಿತು. ಧಾರಾವಾಹಿ ಹಾಕಿದರೆ ಕೆಂಪಿಗೇನೂ ಆಗಲಿಲ್ಲ, ಜಯಮ್ಮನೇ ಕರೆಯೋದು ಬಿಟ್ಟು ಕಿಟಕಿಯಲ್ಲಿ ನಿಂತಳು. ಇಷ್ಟೆಲ್ಲಾ ನಡೆಯುವಾಗ ನಾನು ಮೂಲೆಯಲ್ಲಿ ತೆಪ್ಪಗೆ ಕೂತಿದ್ದೆ. ಆಟ ಹೋದ ಮನೆಯಲ್ಲಿ ನನಗೆ ಬಾಯೇ ಬರುತ್ತಿರಲಿಲ್ಲ. ಕೊನೆಗೆ ಬಿಜು ಕೈಲಿ ಹೇಳಿಸಿಕೊಂಡು ಆ್ಯಪಿಗೆ ಚಂದಾ ಕಟ್ಟಿ, ನನ್ನ ಮೊಬೈಲನ್ನ ಕೊಟ್ಟಿಗೆಯ ಕಂಬಕ್ಕೆ ಟವೆಲಿನಲ್ಲಿ ಬಿಗಿದು, ಸದ್ದು ಪೂರ್ತಿ ಕೊಟ್ಟೆ. ಯಜಮಾನ ನಾನು, ಚಂದಾ ನನ್ನದು, ನೋಡೋದು ಹಸು. ಈ ವೈಭವ ನೋಡಲಾರದೆ ನಾನು ಎದ್ದು ಡೇರಿ ಕಟ್ಟೆಗೆ ಹೋಗಿ ಕೂತೆ. ಅದೇ ಆಟ, ಅದೇ ಜನದ ಗದ್ದಲ, ಹಾಲು ಮಾತ್ರ ಬರಲಿಲ್ಲ. ಪರದೆ ಚಿಕ್ಕದಾಯ್ತು ಅಂತ ಬಿಜು ಅಂದ. ಮುನಿರಾಜುವಿನದು ಬೇರೆ ವಾದ. ಆ್ಯಪಿನಲ್ಲಿ ಆಟ ಅರ್ಧ ನಿಮಿಷ ತಡವಾಗಿ ಬರುತ್ತಲ್ಲಣ್ಣ, ದನಕ್ಕೆ ತಂಗಳು ಅಂತ ಗೊತ್ತಾಗಿಬಿಡುತ್ತೆ ಅಂದ.

ನಗೋ ವಿಷಯ ಅಲ್ಲ ಅಂತ ತಿಳಿದದ್ದು ಕೆಚ್ಚಲು ಗಟ್ಟಿಯಾಗತೊಡಗಿದಾಗ. ಹೀಗೇ ಬಿಟ್ಟರೆ ಬಾವು ಬಂದು ಹಸು ಕೆಲಸಕ್ಕೆ ಬಾರದೆ ಹೋಗುತ್ತೆ, ಇನ್ನೂ ನಾಲ್ಕು ತೊಟ್ಟೂ ನೆಟ್ಟಗಿರುವಾಗಲೇ ಮಾರಿಬಿಡಿ ಅಂತ ಊರೆಲ್ಲಾ ಹೇಳಿತು. ನಾನೂ ಹ್ಞೂಂ ಅಂದೆ. ಹೊಸಕೋಟೆಯಿಂದ ಒಬ್ಬ ದನದ ದಲ್ಲಾಳಿ ಸಂಜೆ ಕರೆಯೋ ಹೊತ್ತಿಗೆ ಬರುತ್ತೀನಿ ಅಂದ. ನಮ್ಮಲ್ಲಿ ಕಣ್ಣೆದುರು ಕರೆದು ತೋರಿಸದೆ ಯಾರೂ ಹಸು ಕೊಳ್ಳಲ್ಲ. ಅವತ್ತು ಮಧ್ಯಾಹ್ನ ಜಯಮ್ಮ ಕೆಂಪಿಗೆ ಮೈ ತೊಳೆದು ಹಣೆಗೆ ಕುಂಕುಮ ಇಟ್ಟಳಂತೆ. ನಾನು ಬಂದಾಗ ಅದರ ಕೊರಳ ಗಂಟೆ ಬಿಚ್ಚುತ್ತಿದ್ದಳು.

"ಕರು ಹೋದಾಗಲೂ ತಡಕೊಂಡೆ ಕಣ್ರೀ," ಅಂದಳು. "ಇವಳೂ ಹೋದ್ಮೇಲೆ ನಮ್ಮಪ್ಪನ ನೆನಪು ಅಂತ ಯಾರನ್ನ ಮಾತಾಡಿಸ್ಲಿ?"

ಇಷ್ಟು ವರ್ಷ ಟಿವಿಯವರಿಗೆಲ್ಲಾ ಬುದ್ಧಿ ಹೇಳಿದವನು ಆ ಗಂಟೆ ಈಸಿಕೊಂಡು ಮೊಳೆಗೆ ನೇತುಹಾಕಿದೆ. ದಲ್ಲಾಳಿ ಬಂದ, ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತ. ಜಯಮ್ಮ ಬಕೆಟ್ ಇಟ್ಟು ಎಳೆದಳು, ಎಳೆದಳು. ಒಂದೆರಡು ಹನಿ. ದಲ್ಲಾಳಿ ಬೀಡಿ ಹಚ್ಚಿ, ಬರಡು ದನದ ರೇಟು ಹೇಳಿದ. ಆಗಲೇ ನನ್ನ ಮೊಬೈಲಿಗೆ ಬಿಜುವಿನ ಸಂದೇಶ ಬಂತು. ಮುಂದಿನ ಹರಾಜಿಗೆ ಆ್ಯಪಿನವರೂ ಹಿಂದೆ ಸರೀತಾರಂತೆ, ಪ್ರಸಾರವೇ ಪೂರ್ತಿ ನಿಂತರೂ ನಿಂತೀತು.

ನನಗೆ ಎಲ್ಲಿತ್ತೋ ಸಿಟ್ಟು. ಲೇ ನಿಮ್ಮ ಮನೆ ಕಾಯ್ವಾಗ, ಕೂಗೋವಾಗ ಜಿದ್ದು ಮಾಡಿ ಕೂಗಿದ್ರಿ, ಈಗ ಆಟ ಬೇಡ್ವಾ ನಿಮಗೆ, ಒದೆಯೋನು ಒದೀತಾನೆ, ನೋಡೋನು ನೋಡ್ತಾನೆ, ನಡುವೆ ನಿಂತು ಬೇಲಿ ಹಾಕೋಕೆ ನೀವ್ಯಾರು ಅಂತ ಶುರುಮಾಡಿದವನು ಕಂಪನಿಗಳನ್ನ, ಚಾನೆಲ್ಲನ್ನ, ಡಿಶ್ಶನ್ನ, ಚೆಂಡು ಹಿಂದಕ್ಕೆ ತಳ್ಳೋ ಆ ಶನಿವಾರದವನನ್ನ, ಒಬ್ಬರನ್ನೂ ಬಿಡಲಿಲ್ಲ. ದಲ್ಲಾಳಿ ಬೀಡಿ ಆರಿಸಿ ಎದ್ದು ನಿಂತ. ತನಗೇ ಬೈತಿದ್ದೀನಿ ಅಂದುಕೊಂಡನೋ ಏನೋ. ಉಸಿರು ತಗೊಳ್ಳೋಕೆ ನಾನು ನಿಲ್ಲಿಸಿದೆ. ಆಗ ಗೊತ್ತಾಯಿತು, ಅಲ್ಲಿವರೆಗೆ ಬಕೆಟ್ಟಿನಿಂದ ಬರುತ್ತಿದ್ದ ಸೊರ್ ಸೊರ್ ಸದ್ದೂ ನನ್ನ ಜೊತೆಗೇ ನಿಂತಿತ್ತು.

ಜಯಮ್ಮ ತಲೆ ಎತ್ತಿ ನನ್ನನ್ನ ನೋಡಿದಳು. "ನಿಲ್ಲಿಸ್ಬೇಡಿ," ಅಂದಳು. "ಮಾತಾಡ್ತಾನೇ ಇರಿ."

ಮದುವೆಯಾದಾಗಿನಿಂದ ಈ ಮಾತು ಅವಳ ಬಾಯಲ್ಲಿ ಅದೇ ಮೊದಲು. ನಾನು ಗಂಟಲು ಸರಿಮಾಡಿಕೊಂಡು ಮುಂದುವರಿಸಿದೆ. ಕೆಂಪಿ ಕಿವಿ ನಿಮಿರಿಸಿ, ಬೂಸಾ ಮೆಲ್ಲುತ್ತಾ, ಧಾರಾಳವಾಗಿ ಸೊರೆ ಬಿಟ್ಟಿತು. ಬಕೆಟ್ಟಿನಲ್ಲಿ ನೊರೆ ಏರಿತು. ಅದು ಕಾದಿದ್ದು ಇಂಗ್ಲೆಂಡಿನ ಗದ್ದಲಕ್ಕಲ್ಲ, ಕಿಟಕಿ ಆಚೆಯ ನನ್ನ ಬೈಗುಳಕ್ಕೆ. ಚಂದಾ ಕಟ್ಟಿ, ಕಂಬಕ್ಕೆ ಮೊಬೈಲ್ ಬಿಗಿದು, ಬೇಕಾದ ಒಂದನ್ನ, ಈ ನನ್ನ ಬಾಯನ್ನ, ಎತ್ತಿಕೊಂಡು ಡೇರಿ ಕಟ್ಟೆಗೆ ಹೋಗಿ ಕೂತ ಬುದ್ಧಿವಂತ ನಾನು. ದಲ್ಲಾಳಿ ಬಕೆಟ್ ಇಣುಕಿ, ರೇಟನ್ನ ಒಂದೂವರೆ ಪಟ್ಟಿಗೆ ಏರಿಸಿದ. ಜಯಮ್ಮ ಅವನಿಗೆ ಅದೇ ಹಾಲಿನ ಕಾಫಿ ಕೊಟ್ಟು ಕಳಿಸಿ, ಗಂಟೆಯನ್ನ ಮತ್ತೆ ಕೆಂಪಿಯ ಕೊರಳಿಗೆ ಕಟ್ಟಿದಳು.

ಈಗ ಆ್ಯಪೂ ಇಲ್ಲ. ಫುಟ್‌ಬಾಲಿನ ಮುಂದಿನ ಗತಿ ಏನೋ, ಆ ದೊಡ್ಡವರೇ ಬಲ್ಲರು. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಎರಡು ಹೊತ್ತೂ ನೇರ ಪ್ರಸಾರ ನಡೀತಿದೆ, ಜಾಹೀರಾತಿಲ್ಲ, ಚಂದಾ ಇಲ್ಲ. ಬಿಜು ಎಲ್ಲಿಂದಲೋ ತಿಳಿದುಕೊಂಡ ಆಟವನ್ನ ಊಟದ ಹೊತ್ತಿಗೆ ನನಗೆ ಹೇಳುತ್ತಾನೆ, ನಾನು ಸಂಜೆ ಕೆಂಪಿಗೆ ಹೇಳುತ್ತೀನಿ. ಆಟ ಇಲ್ಲದ ದಿನ ನಾನೇ ಒಂದನ್ನ ಹುಟ್ಟಿಸುತ್ತೀನಿ. ಮುನಿರಾಜು ಬಂದು, ಅಣ್ಣ, ನಮ್ಮ ಎಮ್ಮೆಗೂ ಒಂದು ವಾರ ಬಂದು ಮಾತಾಡಿ ಹೋಗು ಅಂತ ಕೇಳಿದ. ನಾನು ಒಪ್ಪೋದರಲ್ಲಿದ್ದೆ. ಹಕ್ಕು ಹೊರಗೆ ಕೊಡಲ್ಲ ಅಂತ ಒಳಗಿನಿಂದ ಜಯಮ್ಮನ ದನಿ ಬಂತು. ನನ್ನ ಮಾತನ್ನ ಇನ್ನೊಬ್ಬರಿಗೆ ಬಿಟ್ಟುಕೊಡಲಾರೆ ಅಂದವರು ಇದುವರೆಗೆ ಯಾರೂ ಇರಲಿಲ್ಲ. ಒಂದು ಹಸುವಾದರೂ ನನ್ನ ಮಾತು ಕೇಳುತ್ತಲ್ಲ ಅಂತ ನಾನು ದೇವರಿಗೆ ದಿನಾ ಕೈಮುಗೀತಿದ್ದೆ.

ಮೊನ್ನೆ ಸಂಜೆ ನನ್ನ ಸ್ವಂತ ಪಂದ್ಯ ನಡೀತಿತ್ತು, ಜಡಿಗೇನಹಳ್ಳಿಗೂ ಇಂಗ್ಲೆಂಡಿಗೂ. ಹೆಂಡತಿಯ ತವರೂರು ಗೆಲ್ಲದಿದ್ದರೆ ಹೇಗೆ? ಕೊನೇ ಗಳಿಗೆಯಲ್ಲಿ ನಮ್ಮ ಹುಡುಗನನ್ನ ಮೊದಲೇ ಗೋಲಿನ ಹತ್ತಿರ ಒಬ್ಬನೇ ನಿಲ್ಲಿಸಿ, ಹಿಂದಿನಿಂದ ಉದ್ದದ ಪಾಸ್ ಕೊಡಿಸಿ, ಗೋಲು ಹೊಡೆಸಿಬಿಟ್ಟೆ. ಕೆಂಪಿ ಸಂತೋಷವಾಗಿ ಬಾಲ ಬೀಸಿತು. ಅದರ ಹೊಟ್ಟೆಗೆ ಕೆನ್ನೆ ಒತ್ತಿಕೊಂಡು ಕರೆಯುತ್ತಿದ್ದ ಜಯಮ್ಮ, ಕೈ ನಿಲ್ಲಿಸದೆ, ತಿರುಗಿಯೂ ನೋಡದೆ ಅಂದಳು:

"ಅದು ಗೋಲಲ್ಲ ಕಣ್ರೀ. ಪಾಸ್ ಕೊಟ್ಟಾಗ ಅವನು ಜೀರಿಗೆ ದಾಟಿ ನಿಂತಿದ್ದ."

ನಾನು ಗೋಲನ್ನ ವಾಪಸ್ ತಗೊಂಡು, ಅವಳು ಕರೆದು ಮುಗಿಸೋವರೆಗೂ ಆಟ ಮುಂದುವರಿಸಿದೆ.