ಸಜ್ಜಾ ತಡೀತದೇನ್ರಿ?

ಗೀಜರ್ ಕೂಡಿಸುವುದು ನನ್ನ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಕಡೆ ತಿರುಗುತ್ತೇನೆ. ಗೀಜರ್ ನನ್ನನ್ನು ಎಂದೂ ಕಾಡಿಲ್ಲ, ಕಾಡುವುದು ಅದನ್ನು ಹೊರುವ ಸಜ್ಜಾ. ಅಂದರೆ ಬಚ್ಚಲಮನೆಯ ಮೇಲೆ ಅಡ್ಡಕ್ಕೆ ಫರ್ಸಿಗಲ್ಲು ಹಾಸಿ ಮಾಡಿದ ಅಟ್ಟ. ಹರಿದ ಕೌದಿ ಇಡಲೆಂದು ಕಟ್ಟಿದ್ದರ ಮೇಲೆ ನೀರು ತುಂಬಿದ ದೊಡ್ಡ ಗೀಜರ್ ಇಡು ಅನ್ನುತ್ತಾರೆ. ಕೆಳಗೆ ಜಳಕಕ್ಕೆ ಕೂತವರ ತಲೆ ನನ್ನ ಜವಾಬ್ದಾರಿ. ಹಾಗಾಗಿ ಗೋಡೆಗೆ ಕಬ್ಬಿಣದ ಆಂಗಲ್ ಕೂಡಿಸಿ ಆಸರೆ ಕೊಡದೆ ನಾನು ಗೀಜರ್ ಮುಟ್ಟುವುದಿಲ್ಲ. ಆದರೆ ಆಸರೆ ಅಂದ ಕೂಡಲೇ ಮನೆಯವರೂ ತಮ್ಮ ತಲೆ ಓಡಿಸತೊಡಗುತ್ತಾರೆ. ಪ್ರತಿ ಸಲವೂ ಎಡವಟ್ಟು ಆಗುವುದು ಅಲ್ಲೇ.

ಗೊಬ್ಬೂರಿನ ಚೀಲ

ಗೊಬ್ಬೂರಿನ ರೈತರೊಬ್ಬರು, "ತುಂಬಿದ ಗೀಜರ್ ಎಷ್ಟು ವಜನ ಆಗತದರಿ?" ಎಂದು ಕೇಳಿದರು.

"ಒಂದು ತೊಗರಿ ಚೀಲದಷ್ಟು ಅನ್ರಿ."

"ಹಂಗಾದರ ಮೊದಲು ಚೀಲಾ ಇಟ್ಟು ನೋಡೂಣು."

ಮಾತು ಸರಿಯಾಗಿಯೇ ಇತ್ತು. ಆಂಗಲ್ ಕೂಡಿಸಿದ ಮೇಲೆ ಇಬ್ಬರೂ ಏದುಸಿರು ಬಿಡುತ್ತ ತೊಗರಿ ಚೀಲ ಏರಿಸಿ, ರಾತ್ರಿಯೆಲ್ಲ ಇರಲಿ ಎಂದು ಬಿಟ್ಟೆವು. ಮರುದಿನ ಹೋದರೆ ಸಜ್ಜಾದ ಮೇಲೆ ಒಂದರ ಜೊತೆ ಇನ್ನೊಂದು ಚೀಲ ಕೂತಿದೆ. ಕೆಳಗೆ ರೈತರ ತಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ.

"ಇಲಿ ಹತ್ತಲಾರದ ಜಾಗಾ ಇಷ್ಟು ದಿನಕ್ಕ ಸಿಕ್ಕದ. ಚೀಲಾ ಮುಟ್ಟೀರಿ ಮತ್ತ!"

"ಆಯಿ, ಗೀಜರ್ ಎಲ್ಲಿ ಇಡಬೇಕರಿ?"

ಅವರು ಅಂಗಳಕ್ಕೆ ಕೈ ತೋರಿಸಿದರು. ಅಲ್ಲಿ ನಾನು ತಂದಿಟ್ಟಿದ್ದ ಹೊಸ ಗೀಜರಿಗೆ ಆಗಲೇ ಆಡು ಕಟ್ಟಿದ್ದರು.

ಜೇವರ್ಗಿಯ ಕಂಬ

ಜೇವರ್ಗಿಯ ಮನೆಯೊಂದರಲ್ಲಿ ಆಂಗಲಿಗೆ ಹಾಕಿದ ಸಿಮೆಂಟ್ ಗಟ್ಟಿಯಾಗುವ ತನಕ ಇರಲೆಂದು ಸಜ್ಜಾದ ಕೆಳಗೆ, ಬಚ್ಚಲಮನೆಯ ನಟ್ಟನಡುವೆ, ಒಂದು ಕಟ್ಟಿಗೆ ಕಂಬ ನಿಲ್ಲಿಸಿ ಬಂದಿದ್ದೆ. ತೆಗೆಯಲು ಹೋದಾಗ ಕಂಬಕ್ಕೆ ಅರಿಷಿಣ, ಕುಂಕುಮ, ಮಾವಿನ ಎಲೆ! ಮುಂದೆ ಒಡೆದ ತೆಂಗಿನಕಾಯಿ!

"ಮನ್ಯಾಗ ಹೊಸಾ ಕಂಬ ನಿಂತರ ಹಂಗೇ ಬಿಡ್ತಾರೇನೋ ತಮ್ಮಾ? ಮದವಿ ಹಂದರಗಂಬಕ್ಕ ಮಾಡಿದಂಗ ಪೂಜಿ ಮಾಡೇನಿ," ಅಂದರು ಆ ಮನೆಯ ಅಜ್ಜಿ.

"ಇನ್ನ ಅದರ ಕೆಲಸಾ ಮುಗೀತರಿ. ತೆಗೀತೇನಿ."

"ಪೂಜಿ ಆದ ಕಂಬಾ ತೆಗೀತಿ? ಮುಟ್ಟು ನೋಡೂಣು!"

ನಾನು ಮುಟ್ಟಲಿಲ್ಲ, ಕಂಬ ಇಂದಿಗೂ ಅಲ್ಲೇ ಇದೆ. ಅಜ್ಜಿಯ ಮಗ ಭಾರೀ ದೇಹದವರು. ಒಂದು ಚೆಂಬು ಕಂಬದ ಎಡಕ್ಕೆ ನಿಂತು, ಇನ್ನೊಂದು ಬಲಕ್ಕೆ ಬಂದು ಸುರಿದುಕೊಳ್ಳುತ್ತಾರಂತೆ. ಜಳಕ ಮುಗಿಯುವಷ್ಟರಲ್ಲಿ ದಿನದ ಪ್ರದಕ್ಷಿಣೆಯೂ ಮುಗಿದಿರುತ್ತದೆ.

ಮಟಕಿಯ ಮಾವ

ಇದು ಮಟಕಿ ಊರಿನ ನನ್ನ ಮಾವನ ಮನೆಯ ಮಾತು. ಮದುವೆಯಾದಾಗಿನಿಂದ ಮಾವನವರಿಗೆ ನಾನು "ನಳ ತಿರುವಾಂವ". ಬಂದವರಿಗೆ ನನ್ನ ಪರಿಚಯ ಮಾಡಿಸುವಾಗ, "ಅಳಿಯಾ. ಏನೋ ಮಾಡತಾನ" ಎಂದು ಮಾತು ತಿರುಗಿಸುತ್ತಿದ್ದರು. ಅಂಥವರು ತಮ್ಮ ಮನೆಗೆ ಗೀಜರ್ ಹಾಕಲು ನನ್ನನ್ನೇ ಕರೆದರು. ನಾನು ಗೀಜರ್ ಇಡಲು ಹೋದ ದಿನವೇ ಮಧ್ಯಾಹ್ನ ಅವರ ಕಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ನಾನು ಮುಂಚೆಯೇ ಬಂದು ಆಂಗಲ್ ಕೂಡಿಸಿ ಹೋಗಿದ್ದೆ. ಮಾವ ಅದನ್ನು ಕೆಳಗಿನಿಂದ ಗುದ್ದಿ ನೋಡಿದರು.

"ತಡೀತದೇನು?"

"ತಡೀತದರಿ ಮಾವಾರ."

"ನಿನ್ನ ಮಾತಿನ ಮ್ಯಾಲೆ ಯಾವಾಂವ ಜಳಕಾ ಮಾಡಬೇಕು? ನಾನೇ ಕೂತು ನೋಡತೇನಿ."

ಬನಿಯನ್ ಮೇಲೆಯೇ ನಿಚ್ಚಣಿಕೆ ಹತ್ತಿ, ಸಜ್ಜಾದ ಮೇಲೆ ಕಾಲು ಇಳಿಬಿಟ್ಟು ಕೂತರು. ಅತ್ತೆಯವರಿಗೆ ಇದೇನೂ ಗೊತ್ತಿಲ್ಲ. ನಾನು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಮೇಲೆ ನೋಡದೆಯೇ, ಬಾಗಿಲಿಗೆ ತೋರಣ ಕಟ್ಟಲೆಂದು ನಿಚ್ಚಣಿಕೆ ಎತ್ತಿಕೊಂಡು ಹೋದರು. ಅಷ್ಟರಲ್ಲಿ ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು.

ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮಲ್ಲಿಯ ರೀತಿ. ಗಂಡಿನ ಅಪ್ಪ ಸೀದಾ ಬಚ್ಚಲಮನೆಗೆ ಬಂದರು. ನಾನು ಮೂಲೆಯಲ್ಲಿ ನಿಂತು ಮಾವನಿಗೆ "ಸುಮ್ಮನಿರ್ರಿ" ಎಂದು ಸನ್ನೆ ಮಾಡುತ್ತಲೇ ಇದ್ದೆ. ಆದರೆ ಮನೆಯ ಹಿರಿಯನಾದವನು ಬಂದವರನ್ನು ಮಾತಾಡಿಸದೆ ಇದ್ದರೆ ಮರ್ಯಾದೆಯಲ್ಲ.

"ಬರ್ರಿ ಪಾವ್ಣ್ಯಾರ. ಆರಾಮದೀರಿ?" ಅಂದರು ಮೇಲಿನಿಂದ.

ಚೆಂಬು ಕೆಳಗೆ ಬಿತ್ತು. ಗಂಡಿನ ಅಪ್ಪ ತಲೆಯೆತ್ತಿದರು.

"ಅಲ್ಲೇನು ಮಾಡಾಕತ್ತೀರಿ?"

"ಇಲ್ಲಿ ಗೀಜರ್ ಬರೂದದರಿ. ಅದರ ಬದಲಿ ನಾ ಕೂತೇನಿ."

ಸಂಬಂಧ ಹೋಯಿತು, ಅದರ ಜೊತೆ ನನ್ನ ಮರ್ಯಾದೆಯೂ ಹೋಯಿತು ಅಂದುಕೊಂಡೆ. ಆ ಮನುಷ್ಯ ಆಂಗಲನ್ನು ನೋಡಿದರು, ಮಾವನನ್ನು ನೋಡಿದರು, ಗದ್ದ ಕೆರೆದುಕೊಂಡರು.

"ನೀವೊಬ್ಬರೇ ಕೂತರ ಹೆಂಗ್ರಿ? ಒಳಗ ನೀರೂ ಇರತಾವಲ್ಲ?"

"ಅದೂ ಖರೇನ ಅದ."

"ನಿಚ್ಚಣಿಕಿ ತರ್ರಿ. ನೀರಿನ ಬದಲಿ ನಾ ಬರ್ತೇನಿ!"

ಮಾವನಿಗಿಂತ ದಪ್ಪ ಆಸಾಮಿ! ಅವರು ಹತ್ತುವಾಗ ನಾನು ಕೆಳಗೆ ನಿಂತು ಮನೆದೇವರನ್ನೆಲ್ಲ ನೆನೆದೆ. ಫರ್ಸಿ ಅಲುಗಲಿಲ್ಲ. ಹಿರಿಯರಿಬ್ಬರೂ ಕಾಲು ಇಳಿಬಿಟ್ಟು ಕಬ್ಬಿನ ಮಾತು, ಭೂಸನೂರ ಸಕ್ಕರೆ ಫ್ಯಾಕ್ಟರಿಯ ಮಾತು ಶುರು ಮಾಡಿದರು. ಹುಡುಗಿ ನಿಚ್ಚಣಿಕೆಯ ಮೇಲೆ ನಿಂತೇ ಚಹಾ ಕೊಟ್ಟಳು. ಗಂಡಿನ ಅಪ್ಪ ಹೆಸರು ಕೇಳಿದರು, ಅವಳು ನಗು ತಡೆಯುತ್ತ ಹೇಳಿದಳು. ಪಡಸಾಲೆಯಲ್ಲಿ ಹುಡುಗ ಹುಡುಗಿ ಒಪ್ಪಿದರು, ಸಜ್ಜಾದ ಮೇಲೆ ಹಿರಿಯರು ಒಪ್ಪಿದರು.

"ಆಸರಿ ಭಾರೀ ಗಟ್ಟಿ ಅದರಿ. ಯಾರು ಮಾಡ್ಯಾರ?" ಎಂದು ಬೀಗರು ಕೇಳಿದರು.

ಮಾವ ನನ್ನತ್ತ ಕೈ ಮಾಡಿ, "ನಮ್ಮ ಅಳಿಯಾರು ಮಾಡ್ಯಾರ್ರಿ. ಈ ಕೆಲಸದಾಗ ಅವರ ಸಮ ಯಾರೂ ಇಲ್ಲ," ಅಂದರು. ನನ್ನ ಕಣ್ಣಲ್ಲಿ ನೀರೇ ಬಂತು.

ಬೀಗರು ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ನಮ್ಮ ಮನ್ಯಾಗೂ ಇಂಥಾದೊಂದು ಮಾಡಿಕೊಡ್ರಿ."

"ಆಗಲ್ರಿ. ಗೀಜರ್ ಎಷ್ಟು ದೊಡ್ಡದು ಬೇಕರಿ?"

ಅವರು ತಮ್ಮ ಹೆಂಡತಿ ಎಲ್ಲಿದ್ದಾರೆಂದು ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದರು.

"ಗೀಜರ್ ಬ್ಯಾಡ್ರಿ. ನನಗ ಕೂಡಾಕ ಬೇಕು."